ಸ್ತುತಿಗೀತೆಯನ್ನು ಬ್ರಾಸ್ ಬ್ಯಾಂಡಿಗೆ ಹೊಂದಿಸುವಾಗ: ನನ್ನ ಅನುಭವ

ಸ್ತುತಿಗೀತೆ ಪುಸ್ತಕದ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಸಾಲುಗಳನ್ನು (ಮೇಲಿನಿಂದ ಕೆಳಕ್ಕೆ ನಾಲ್ಕು ಕಂಠಗಳವು) ಇದ್ದಂತೆಯೇ ಹಿತ್ತಾಳೆಯ ಊದುವಾದ್ಯಗಳಿಗೆ ಹಂಚಿಬಿಟ್ಟರೆ ಬ್ಯಾಂಡ್ ನುಡಿಯುತ್ತದೆ, ಹಾಡುವುದಿಲ್ಲ. ಆ ಸಾಲುಗಳು ಗಂಟಲಿಗೆ ಬರೆದವು.

ನಾನು ಮೊದಲು ನೋಡುವುದು ಶ್ರುತಿ. ಬ್ಯಾಂಡಿನ ಹೆಚ್ಚಿನ ವಾದ್ಯಗಳಲ್ಲಿ ಹಾಳೆಯಲ್ಲಿ ಬರೆದ ಸ್ವರ ಬೇರೆ, ಕೇಳಿಸುವ ಸ್ವರ ಬೇರೆ. ಹಾಗಾಗಿ ಜಿ ಮೇಜರ್‌ನ ಹಾಡು ಬಿ ಫ್ಲ್ಯಾಟ್ ವಾದ್ಯಗಳ ಹಾಳೆಯಲ್ಲಿ ಎ ಮೇಜರ್, ಇ ಫ್ಲ್ಯಾಟ್ ವಾದ್ಯಗಳಿಗೆ 4 ಶಾರ್ಪ್‌ಗಳ (ಅರ್ಧ ಸ್ವರ ಏರಿಸಿದ ಸ್ವರಗಳ) ಇ ಮೇಜರ್ ಆಗುತ್ತದೆ, ಓದಲು ಕಷ್ಟ. ಅರ್ಧ ಸ್ವರ ಏರಿಸಿ ಎ ಫ್ಲ್ಯಾಟ್‌ಗೆ ತಂದರೆ ಅವರಿಗೆ ಬಿ ಫ್ಲ್ಯಾಟ್ ಮತ್ತು ಎಫ್ ಸಿಗುತ್ತವೆ. ಹಾಡನ್ನೇ ಎಫ್‌ಗೆ ಇಳಿಸಿದರೂ ಓದುವುದು ಸುಲಭವೇ. ಆದರೆ ಮೂಲದ ಧಾಟಿ ಕೆಳಗಿನ ಡಿ ಮುಟ್ಟುವುದಾದರೆ, ಆಗ ಕಾರ್ನೆಟ್‌ನ (ಧಾಟಿ ನುಡಿಸುವ, ತುತ್ತೂರಿಯಂಥ ಬಿ ಫ್ಲ್ಯಾಟ್ ವಾದ್ಯದ) ಹಾಳೆಯಲ್ಲೂ ಕೆಳಗಿನ ಡಿ ಬರುತ್ತದೆ. ಅದಕ್ಕೆ 1 ಮತ್ತು 3ನೇ ವಾಲ್ವ್ (ಬೆರಳಿನ ಗುಂಡಿ) ಒಟ್ಟಿಗೆ ಒತ್ತಬೇಕು. ಕೊಳವೆಯ ಉದ್ದ ಸಾಲದೆ ಸ್ವರ ಏರಿಬಿಡುತ್ತದೆ. 3ನೇ ವಾಲ್ವ್‌ನ ಸ್ಲೈಡ್ (ಜಾರುವ ಕೊಳವೆ) ಎಳೆದು ಸರಿಪಡಿಸಬಹುದು, ಆದರೆ ನಾಲ್ಕು ಸೋಲೋ ಕಾರ್ನೆಟ್‌ಗಳೂ ಒಂದೇ ಅಳತೆಗೆ ಎಳೆಯಬೇಕಲ್ಲ! ಹಾಗಾಗಿ ನನ್ನ ಆಯ್ಕೆ ಎ ಫ್ಲ್ಯಾಟ್.

ಇನ್ನು ಸಾಲುಗಳನ್ನು ಬ್ಯಾಂಡಿನ ವಾದ್ಯಗಳಿಗೆ ಹಂಚುವುದು: ಆಲ್ಟೊ ಸಾಲು ಫ್ಲೂಗಲ್ ಮತ್ತು ಸೋಲೋ ಟೆನರ್ ಹಾರ್ನ್‌ಗೆ, ಟೆನರ್ ಸಾಲು ಬ್ಯಾರಿಟೋನ್‌ಗೆ. ಬಾಸ್ ಸಾಲು ಯೂಫೋನಿಯಂ ಮತ್ತು ಇ ಫ್ಲ್ಯಾಟ್ ಬಾಸ್‌ಗೆ. ಬಿ ಫ್ಲ್ಯಾಟ್ ಬಾಸ್ ಅದನ್ನೇ ಒಂದು ಆಕ್ಟೇವ್ (ಒಂದು ಪೂರ್ತಿ ಸ್ಥಾಯಿ) ಕೆಳಗೆ ನುಡಿಸುತ್ತದೆ. ಆ ಆಕ್ಟೇವ್‌ನ ನಡುವೆ ಇನ್ನೊಂದು ಸ್ವರ ತುರುಕಬಾರದು: ತಳದಲ್ಲಿ ಮೂರನೆಯ ಅಂತರ (ಒಂದು ಸ್ವರದಿಂದ ಎಣಿಸಿ ಮೂರನೆಯದಕ್ಕಿರುವ ದೂರ) ಬಂದರೆ ಧ್ವನಿ ಕೆಸರಾಗುತ್ತದೆ. ಸಾಲು ತೀರ ಕೆಳಗಿಳಿದ ಕಡೆ ಎರಡೂ ಬಾಸ್‌ಗಳನ್ನು ಒಂದೇ ಸ್ಥಾಯಿಗೆ ತರುತ್ತೇನೆ. ಟ್ರಾಂಬೋನ್‌ಗಳನ್ನು ಕೊನೆಯ ಚರಣದವರೆಗೆ ಕಾಯಿಸುತ್ತೇನೆ. ಮೊದಲಿನಿಂದಲೇ ನುಡಿದರೆ ಕೊನೆಗೆ ಬೆಳೆಯಲು ಜಾಗವೇ ಉಳಿಯುವುದಿಲ್ಲ.

ಎರಡನೇ ಚರಣದಲ್ಲಿ ಧಾಟಿಯನ್ನು ಯೂಫೋನಿಯಂಗೆ ಕೊಡುವುದು ನನಗೆ ಬಹಳ ಇಷ್ಟ, ಎಡವಟ್ಟಾಗುವುದೂ ಇಲ್ಲೇ ಹೆಚ್ಚು. ಧಾಟಿ ಒಂದು ಆಕ್ಟೇವ್ ಇಳಿದಾಗ ಆಲ್ಟೊ ಅದರ ಮೇಲಕ್ಕೆ ಹೋಗುತ್ತದೆ. ಪುಸ್ತಕದಲ್ಲಿ ಇವೆರಡರ ನಡುವೆ ಸಾಲಾಗಿ ಬಂದ ನಾಲ್ಕನೆಯ ಅಂತರಗಳು ತಲೆಕೆಳಗಾಗಿ ಐದನೆಯ ಅಂತರಗಳಾಗುತ್ತವೆ, ಸಮಾನಾಂತರವಾಗಿ ಬರಿದಾಗಿ ಕೇಳಿಸುತ್ತವೆ. ಮೂಲ ಬಾಸ್ ಮೇಲೇರಿದ ಕಡೆ ಧಾಟಿಯೇ ಅದರ ಕೆಳಗಿಳಿದು ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಬುಡ ಬದಲಾಗುವುದೂ ಉಂಟು. ಅಲ್ಲಿ ಬಾಸ್ ಅನ್ನು ಆಕ್ಟೇವ್ ಇಳಿಸಿ, ಹಾರ್ನ್‌ಗಳ ಸಾಲನ್ನು ಹೊಸದಾಗಿ ಬರೆಯುತ್ತೇನೆ. ಪುಸ್ತಕದ ಆಲ್ಟೊವನ್ನು ಅಲ್ಲಿ ಉಳಿಸಿಕೊಳ್ಳಲು ಹೆಣಗಬೇಡಿ.

ಸೊಪ್ರಾನೊ ಕಾರ್ನೆಟ್‌ಗೆ (ಎಲ್ಲಕ್ಕಿಂತ ಮೇಲೆ ನುಡಿಯುವ ಪುಟ್ಟ ಕಾರ್ನೆಟ್‌ಗೆ) ಧಾಟಿಯನ್ನೇ ಆಕ್ಟೇವ್ ಮೇಲೆ ಕೊಟ್ಟರೆ, ಈ ಶ್ರುತಿಯಲ್ಲಿ ಅದರ ಹಾಳೆಯಲ್ಲಿ ಮೇಲ್‌ಸ್ಥಾಯಿಯ ಸಿ ದಾಟಿ ಡಿಗೆ ಏರಬೇಕಾಗಬಹುದು. ಅದರ ಬದಲು ಎ ಮೀರದ ಪ್ರತ್ಯೇಕ ಮೇಲ್ಧಾಟಿ ಸಾಕು.

ಉಸಿರಿನ ಗುರುತುಗಳನ್ನು ಹಾಡಿನ ಪದಗಳನ್ನು ನೋಡಿಯೇ ಹಾಕುತ್ತೇನೆ. 8.6.8.6 ಛಂದಸ್ಸಿನಲ್ಲಿ (ನಾಲ್ಕು ಸಾಲುಗಳಲ್ಲಿ ಕ್ರಮವಾಗಿ ಅಷ್ಟಷ್ಟು ಅಕ್ಷರ) ಅರ್ಥ ಮೊದಲ ಸಾಲಿನಿಂದ ಎರಡನೆಯದಕ್ಕೆ ಹರಿದರೆ 14 ಅಕ್ಷರಗಳೂ ಒಂದೇ ಉಸಿರು. ಒಳಸಾಲಿನ ಎರಡನೇ ಮತ್ತು ಮೂರನೇ ಕಾರ್ನೆಟ್‌ಗಳಲ್ಲಿ ಇಬ್ಬಿಬ್ಬರಿರುವುದರಿಂದ ಅವರು ಸರದಿಯಲ್ಲಿ ಉಸಿರೆಳೆಯಲಿ. ಅಕ್ಷರಕ್ಕಾಗಿ ಮರುಕಳಿಸಿದ ಒಳಸ್ವರಗಳನ್ನು ಟೈ (ಒಂದೇ ಸ್ವರವನ್ನು ಬಿಡದೆ ಹಿಡಿಯುವ ಗುರುತು) ಹಾಕಿ ಕೂಡಿಸಿದರೆ ಕುಟ್ಟಿದಂತೆ ಕೇಳಿಸುವುದು ತಪ್ಪುತ್ತದೆ.

ಕೊನೆಯ ಕಾರ್ಡ್‌ನಲ್ಲಿ ಮೂಲಸ್ವರಕ್ಕೆ ಹೆಚ್ಚು ವಾದ್ಯ, ಐದನೆಯದಕ್ಕೆ ಅದಕ್ಕಿಂತ ಕಡಿಮೆ, ಮೂರನೆಯದಕ್ಕೆ ಒಂದೆರಡು ಮಾತ್ರ. ಮೇಜರ್ ಮೂರನೆಯದು ಪಿಯಾನೊದ ಸ್ವರಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರನೇ ಭಾಗ ಒಂದು ಸೆಂಟ್) ಕೆಳಗಿದ್ದರೆ ಕಾರ್ಡ್ ಕೂಡಿಕೊಳ್ಳುತ್ತದೆ. ಆ ಹೊಂದಾಣಿಕೆ ಐದಾರು ಜನರಿಗಿಂತ ಒಬ್ಬ ಬ್ಯಾರಿಟೋನ್ ವಾದಕರಿಗೆ ಸುಲಭ.