ಜೋರಾಗಿ ಕೇಳುವವನಿಗೇ ಮೊದಲು ಕೊಡಬೇಡಿ

ಹೋದ ತಿಂಗಳು ನಮ್ಮಕ್ಕನ ಮೊಮ್ಮಗ ಬೆಂಗಳೂರಿಂದ ತಿಪಟೂರಿಗೆ ಬಂದಿದ್ದ. ಪೀಣ್ಯದಲ್ಲಿ ಕೆಲಸ, ಕೈಗೆ ಸಿಗುವುದು 24,000. ಊಟಕ್ಕೆ ಕೂತಾಗ ಫೋನು ನಾಲ್ಕು ಸಲ ಹೊಡೆದುಕೊಂಡಿತು, ನಾಲ್ಕು ಸಲವೂ ಕಟ್ ಮಾಡಿದ. ಯಾರಪ್ಪಾ ಅದು ಅಂದರೆ "ಏನಿಲ್ಲ ಅಜ್ಜಿ, ಕಂಪನಿಯವರು" ಅಂದ. ಭಾನುವಾರ ಮಧ್ಯಾಹ್ನ ಯಾವ ಕಂಪನಿ? ಸಾಲದವರು ಅಂತ ನನಗೆ ಆಗಲೇ ಗೊತ್ತಾಯಿತು. ಬಾಗಿಲು ಬಡಿದ ಸದ್ದಿಗೆ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತವಳು ನಾನು, ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಕಥೆ 2009ರದ್ದು. ಮಗಳ ಮದುವೆ. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಊರವರ ಲೆಕ್ಕವೆಲ್ಲ ಪೈಸೆ ಪೈಸೆಗೂ ಸರಿ, ಮನೆಯದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಮದುವೆಗೆ ಅಂತ ಒಬ್ಬರ ಹತ್ತಿರ 1 ಲಕ್ಷ ತಂದಿದ್ದೆವು, ನೂರಕ್ಕೆ 3 ರೂಪಾಯಿ ಬಡ್ಡಿ. ಕೇಳುವಾಗ ಮೂರೇ ರೂಪಾಯಿ ಅಲ್ವಾ ಅನಿಸುತ್ತೆ. ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 36 ಆಯಿತು. ತಿಂಗಳಿಗೆ 3,000ದ ಹಾಗೆ 14 ತಿಂಗಳು ಕಟ್ಟಿದೆವು, 42,000 ಹೋಯಿತು, ಅಸಲು 1 ಲಕ್ಷ ಹಾಗೇ ಕೂತಿತ್ತು. ಆ ಮನುಷ್ಯ ಒಂದು ದಿನವೂ ಜೋರು ಮಾತಾಡಿದವರಲ್ಲ, ಬಂದಾಗ ಕಾಫಿ ಕುಡಿದು ಮಕ್ಕಳ ಯೋಗಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಯಾಕೆ ಜೋರು ಮಾಡುತ್ತಾರೆ ಹೇಳಿ, ಕೂತಲ್ಲೇ ಬಡ್ಡಿ ಬರುವಾಗ? ಇತ್ತ ದಿನಸಿ ಅಂಗಡಿಯವನು 6,000 ಉದ್ರಿಗೆ ಬೀದಿಯಲ್ಲೇ ಕೂಗಿ ಕೇಳುತ್ತಿದ್ದ. ಆ ಅವಮಾನಕ್ಕೆ ಹೆದರಿ, ಕೈಗೆ ನಾಲ್ಕು ಕಾಸು ಬಂದರೆ ಮೊದಲು ಅವನಿಗೇ ಓಡಿ ಕೊಡುತ್ತಿದ್ದೆವು. ಬಡ್ಡಿಯೇ ಇಲ್ಲದ ಸಾಲ ಅದು!

ಒಂದು ರಾತ್ರಿ ನಾನು ಮಗಳ ಮದುವೆಯ ಉಳಿದ ಲಗ್ನಪತ್ರಿಕೆ ತೆಗೆದು, ಅದರ ಹಿಂಬದಿಯಲ್ಲಿ ಎಲ್ಲಾ ಸಾಲ ಬರೆದೆ. ಯಾರಿಗೆ, ಎಷ್ಟು ಅಸಲು, ತಿಂಗಳಿಗೆ ಬಡ್ಡಿ ಎಷ್ಟು ರೂಪಾಯಿ. ಪರ್ಸೆಂಟು ಬರೆಯಬೇಡಿ, ರೂಪಾಯಿಯಲ್ಲೇ ಬರೆಯಿರಿ, ಆಗಲೇ ಹೊಟ್ಟೆ ಉರಿಯೋದು. ಮೊಮ್ಮಗನಿಗೂ ಇದನ್ನೇ ಮಾಡಿಸಿದೆ. ಕ್ರೆಡಿಟ್ ಕಾರ್ಡಿನದು 40,000. "ಪ್ರತಿ ತಿಂಗಳು ಮಿನಿಮಮ್ 2,000 ತಪ್ಪದೆ ಕಟ್ತೀನಿ ಅಜ್ಜಿ" ಅಂತ ಹೆಮ್ಮೆಯಿಂದ ಹೇಳಿದ. ಕೂತು ಲೆಕ್ಕ ಹಾಕಿದೆವು. ಅವನ ಕಾರ್ಡಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ಅಂದರೆ 1,400. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 252. ಅಸಲಿಗೆ ಹೋಗಿದ್ದು 348 ರೂಪಾಯಿ. ಹುಡುಗನ ಮುಖ ಸಣ್ಣದಾಯಿತು. ಮೇಲಿಂದ ಹಳೇ ಬಾಕಿ ಇರುವಾಗ ಹೊಸದಾಗಿ ಉಜ್ಜಿದ್ದಕ್ಕೆ ಆ ದಿನದಿಂದಲೇ ಬಡ್ಡಿ ಶುರು, ಬಡ್ಡಿಯಿಲ್ಲದ ದಿನಗಳೆಲ್ಲ ಬಾಕಿ ಪೂರ್ತಿ ಕಟ್ಟುವವರಿಗೆ. ಅದಕ್ಕೇ ಮೊದಲು ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿ ಹಾಕಿ, ಫೋನಿನ ಆಪ್‌ಗಳಿಂದಲೂ ಅದರ ನಂಬರ್ ಅಳಿಸಿಬಿಡಿ.

ಫೋನು, ಫ್ರಿಜ್ಜು ಕಂತಿನಲ್ಲಿ ತರುವವರಿಗೂ ಒಂದು ಮಾತು. "ಫ್ಲಾಟ್ 12 ಪರ್ಸೆಂಟ್" ಅಂದರೆ ಖುಷಿಪಡಬೇಡಿ. 60,000ಕ್ಕೆ ಎರಡು ವರ್ಷ ಅಂದರೆ ಬಡ್ಡಿ 14,400, ತಿಂಗಳ ಕಂತು 3,100. ಅಸಲು ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 60,000ಕ್ಕೇ ಹಾಕಿರುತ್ತಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕದಲ್ಲಿ ನೋಡಿದರೆ ಅದು ವರ್ಷಕ್ಕೆ ನೂರಕ್ಕೆ 21ರ ಮೇಲಾಗುತ್ತೆ.

ಚೀಟಿಯಲ್ಲಿ ಸಾಲ ಎಲ್ಲಾ ಬರೆದ ಮೇಲೆ ದಾರಿ ತಾನಾಗಿ ಕಾಣುತ್ತೆ: ಎಲ್ಲದಕ್ಕೂ ಕಟ್ಟಬೇಕಾದಷ್ಟು ಕಟ್ಟಿ, ಮಿಕ್ಕ ಒಂದೊಂದು ರೂಪಾಯಿಯನ್ನೂ ಹೆಚ್ಚು ತಿನ್ನುವ ಸಾಲಕ್ಕೆ ಹಾಕಬೇಕು. ನಾವು ನನ್ನ ನಾಲ್ಕು ಬಳೆ ಇಟ್ಟು ನೂರಕ್ಕೆ 1 ರೂಪಾಯಿ ಬಡ್ಡಿಗೆ 40,000 ತಂದು, ಆ 1 ಲಕ್ಷದ ಅಸಲಿಗೆ ಕಟ್ಟಿದೆವು. ಬಳೆ ಬಿಚ್ಚಿಕೊಡುವಾಗ ನನ್ನ ಅತ್ತೆ ಮೂರು ದಿನ ಮಾತು ಬಿಟ್ಟರು, ಅದು ಬೇರೆ ಕಥೆ. ಆದರೆ ಲೆಕ್ಕ ನೋಡಿ. ಮೊದಲು 3,000 ಬಡ್ಡಿ. ಈಗ ಉಳಿದ 60,000ಕ್ಕೆ 1,800, ಬಳೆಗೆ 400, ಒಟ್ಟು 2,200. ತಿಂಗಳಿಗೆ 800 ಉಳಿಯಿತು. ಅದಕ್ಕೆ ನನ್ನ ರವಿಕೆ ಹೊಲಿಗೆಯ 1,500 ಸೇರಿಸಿ, 10,000 ಆದ ಕೂಡಲೇ ಅಸಲಿಗೆ ಕಟ್ಟಿದೆವು. ಪ್ರತಿ 10,000ಕ್ಕೂ ತಿಂಗಳ ಬಡ್ಡಿ 300 ಇಳಿಯುತ್ತಾ ಬಂತು, ಆ 300ನ್ನೂ ಅದೇ ಡಬ್ಬಕ್ಕೆ ಹಾಕಿದೆ. ಒಂದು ವರ್ಷ ಒಂಬತ್ತು ತಿಂಗಳಿಗೆ ಆ 60,000 ಮುಗಿಯಿತು.

ಬಡ್ಡಿಯವರು ಮೊದಲು ಒಪ್ಪಲಿಲ್ಲ. "ಅಸಲು ಚೂರುಚೂರಾಗಿ ಯಾಕಮ್ಮಾ, ಆದಾಗ ಒಟ್ಟಿಗೇ ಕೊಡಿ" ಅಂದರು. ನೋಡಿ, ಎಷ್ಟು ಒಳ್ಳೆಯವರು! ಒಟ್ಟಿಗೆ ಕೊಡುವ ದಿನ ಬರೋದೇ ಇಲ್ಲ ಅಂತ ಅವರಿಗೂ ಗೊತ್ತು. ಸಾಲಕ್ಕೆ ಬರೆದುಕೊಟ್ಟ ಪತ್ರ, ಅಂದರೆ ಪ್ರೋನೋಟಿನ ಹಿಂದೆಯೇ ತಾರೀಕು, ಮೊತ್ತ ಬರೆಸಿ ಸಹಿ ಹಾಕಿಸಿಕೊಂಡೆ, ಬಾಯಿಮಾತಿಗೆ ಬಿಡಲಿಲ್ಲ.

ಇನ್ನು ಫೋನಿನಲ್ಲಿ ಕಾಟ ಕೊಡುವ ಆಪ್ ಸಾಲದವರು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕಿರುಸಾಲ ವಸೂಲಿಯ ದಬ್ಬಾಳಿಕೆ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೂ ಬಂತು. ಬೆದರಿಸಿದರೆ ಪೊಲೀಸ್ ಸ್ಟೇಷನ್‌ಗೆ ಹೋಗಿ. ಕೊಡಬೇಕಾದ್ದು ಕೊಡೋಣ, ಹೆದರಿಕೊಂಡು ಒಂದು ಆಪ್ ಸಾಲ ತೀರಿಸೋಕೆ ಇನ್ನೊಂದು ಆಪ್‌ಗೆ ಮಾತ್ರ ಹೋಗಬೇಡಿ. ಬಡ್ಡಿಯಿಲ್ಲದೆ ಕೊಟ್ಟ ತಮ್ಮನೋ ನಾದಿನಿಯೋ ಇದ್ದರೆ ಅವರಿಗೆ ನೀವೇ ಮೊದಲು ಫೋನ್ ಮಾಡಿ, ಇಂಥ ತಿಂಗಳಿಂದ ಕೊಡುತ್ತೇನೆ ಅಂತ ಹೇಳಿಬಿಡಿ. ಅವರಿಗೆ ನೋವಾಗೋದು ತಡವಾಗಿದ್ದಕ್ಕಿಂತ ಜಾಸ್ತಿ, ನೀವು ಮುಖ ತಪ್ಪಿಸಿದ್ದಕ್ಕೆ.

ಖರ್ಚಿನ ವಿಷಯಕ್ಕೆ ಬಂದರೆ, ಕಾಫಿ ಬಿಡಿ, ಸಿನಿಮಾ ಬಿಡಿ ಅಂತ ನಾನು ಹೇಳೋದಿಲ್ಲ. 24,000ದವನು ಕಾಫಿಯಿಂದ ಮುಳುಗಿರೋದಿಲ್ಲ. ಅವನನ್ನು ಮುಳುಗಿಸೋದು ವರ್ಷಕ್ಕೊಮ್ಮೆ ಬರುವ ಖರ್ಚು. ಜೂನ್‌ನಲ್ಲಿ ಸ್ಕೂಲ್ ಫೀ, ಗೌರಿ ಗಣೇಶ, ಬೈಕಿನ ಇನ್ಶೂರೆನ್ಸ್, ಮದುವೆ ಗೃಹಪ್ರವೇಶದ ಮುಯ್ಯಿ. ಎಲ್ಲಾ ಕೂಡಿಸಿದರೆ ಅವನದು 30,000 ಆಯಿತು. "ಅದೆಲ್ಲಾ ಬಂದಾಗ ನೋಡ್ಕೊಳ್ಳೋದು ಅಜ್ಜಿ" ಅಂದ. ಅಲ್ಲ ಕಣೋ, ಗಣೇಶ ಹಬ್ಬ ಪ್ರತಿ ವರ್ಷ ಬರುತ್ತೆ, ಹೇಳದೆ ಕೇಳದೆ ಬಂದ ನೆಂಟನಾ ಅದು? ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,500. ಸಂಬಳ ಬಂದ ದಿನವೇ ಅದನ್ನು ಬೇರೆ ಖಾತೆಗೆ ಹಾಕಿಬಿಡಬೇಕು, ಫೋನ್‌ಪೇಗೆ ಜೋಡಿಸದ ಖಾತೆಗೆ. ಗೃಹಲಕ್ಷ್ಮಿಯ 2,000 ಬರುವ ಮನೆಯಲ್ಲಿ ಅದನ್ನೇ ಇದಕ್ಕೆ ಇಡಬಹುದು, ಆದರೆ ಅದು ಕೆಲವು ಸಲ ತಡವಾಗುತ್ತೆ, ಅದನ್ನು ನಂಬಿ ಕಂತು ಕಟ್ಟುವ ಸಾಲ ಮಾತ್ರ ಮಾಡಬೇಡಿ. ದಿನಸಿ ಕೈಯಲ್ಲಿ ದುಡ್ಡು ಕೊಟ್ಟೇ ತನ್ನಿ. ಉದ್ರಿ ಇರುವ ಅಂಗಡಿಯಲ್ಲಿ ತಕ್ಕಡಿ ನೋಡೋಕೂ ನಮಗೆ ಸಂಕೋಚ.

ಸಾಲ ತೀರಿದ ದಿನ ಪ್ರೋನೋಟು, ಖಾಲಿ ಚೆಕ್ಕು ಕೈಗೆ ಬಾರದೆ ಎದ್ದು ಬರಬೇಡಿ. ನಾವು ಕೊಟ್ಟಿದ್ದು ಎರಡು ಚೆಕ್ಕು, ವಾಪಸ್ ಬಂದಿದ್ದು ಒಂದು. "ಇನ್ನೊಂದು ಎಲ್ಲೋ ಸೇರಿಕೊಂಡಿದೆ, ಸಿಕ್ಕಾಗ ಕಳಿಸ್ತೀನಿ" ಅಂದರು. ಯಜಮಾನರು ಆಯ್ತು ಅಂತ ಚಪ್ಪಲಿ ಮೆಟ್ಟಿದರು. ನಾನು ಅವರ ಜಗಲಿಯ ಮೇಲೆ ಕೂತೆ, ಹುಡುಕಿ ಪರವಾಗಿಲ್ಲ, ನನಗೇನೂ ಕೆಲಸವಿಲ್ಲ ಅಂದೆ. ಹನ್ನೆರಡೂವರೆಗೆ ಸಿಕ್ಕಿತು.