ಪರದೆ ಬಟ್ಟೆಯ ಮಾದರಿ ನೇಯಿಸುವ ಕ್ರಮ

ಮೈಸೂರಿನ ಮನೆಯೊಂದರ ಕಿಟಕಿ ಪರದೆಗಾಗಿ ಆ ಮನೆಯವರ ಪರವಾಗಿ ಮೇಲುಕೋಟೆಯಂತಹ ಊರಿನ ಕೈಮಗ್ಗದಲ್ಲಿ ಹತ್ತಿ ಬಟ್ಟೆ ನೇಯಿಸಬೇಕೆಂದಿರುವವರು ನೂಲಿನ ಬಣ್ಣ ಆರಿಸುವ ಮೊದಲು ಕೋಣೆಯನ್ನು ಗಮನಿಸಬೇಕು. ಕಿಟಕಿ ಯಾವ ದಿಕ್ಕಿಗಿದೆ, ನೆಲ ರೆಡ್ ಆಕ್ಸೈಡಿನದೋ ಬಿಳಿ ಟೈಲ್ಸಿನದೋ, ಸಂಜೆ ಯಾವ ದೀಪ ಹಾಕುತ್ತಾರೆ ಎಂಬುದನ್ನು ಬರೆದುಕೊಳ್ಳಿ.

ಕಾಗದದ ಮೇಲಿನ ಚಿತ್ರ ನೇಯ್ಗೆಯ ಬಣ್ಣವನ್ನು ತೋರಿಸಲಾರದು. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಇವೆರಡನ್ನೂ ದೂರದಿಂದ ಕಣ್ಣು ಬೆರೆಸಿಕೊಂಡೇ ನೋಡುತ್ತದೆ; ಕೆಂಪು ಹಾಸಿನಲ್ಲಿ ಹಸಿರು ಹೊಕ್ಕು ನೇಯ್ದರೆ, ಕೈಯಲ್ಲಿ ಹಿಡಿದಾಗ ಎರಡೂ ಎಳೆಗಳು ಬೇರೆಬೇರೆಯಾಗಿ ಕಂಡರೂ ಹತ್ತಡಿ ದೂರದಿಂದ ಮಂಕಾದ ಕಂದು ಬಣ್ಣವಷ್ಟೇ ಉಳಿಯುತ್ತದೆ. ಆದ್ದರಿಂದ ಹಾಸಿನ ಅಗಲವನ್ನು ನಾಲ್ಕು ಬಣ್ಣದ ಪಟ್ಟಿಗಳಾಗಿ ವಿಂಗಡಿಸಿ ಮಗ್ಗಕ್ಕೆ ಏರಿಸಿ, 8 ಅಂಗುಲಕ್ಕೊಮ್ಮೆ ಲಾಳಿಯ (ಹೊಕ್ಕಿನ ಎಳೆಯನ್ನು ಹಾಯಿಸುವ ಸಾಧನದ) ನೂಲು ಬದಲಿಸುತ್ತ ಐದು ಬಣ್ಣದ ಹೊಕ್ಕು ನೇಯಿಸಿದರೆ, 40 ಅಂಗುಲದ ಒಂದೇ ತುಂಡಿನಲ್ಲಿ 20 ಬಣ್ಣದ ಜೋಡಿಗಳು ಸಿಗುತ್ತವೆ. ಇಲ್ಲಿ ನೇಯ್ಗೆಗಿಂತ ಹಾಸು ಸಿದ್ಧಪಡಿಸುವುದೇ ದೊಡ್ಡ ಕೆಲಸ. ಹಾಗಾಗಿ ಮಾದರಿಯ ಕೂಲಿಯನ್ನು ಗಜದ ಲೆಕ್ಕದಲ್ಲಿ ಕೊಡುವುದು ನೇಕಾರರಿಗೆ ಅನ್ಯಾಯ, ದಿನದ ಲೆಕ್ಕದಲ್ಲಿಯೇ ಕೊಡಬೇಕು.

ನೇಯ್ದ ತುಂಡನ್ನು ಮೇಜಿನ ಮೇಲೆ ಹರಡಿ ತೀರ್ಮಾನಿಸಬೇಡಿ. ಅದೇ ಕಿಟಕಿಗೆ ನೆರಿಗೆ ಹಿಡಿದು ತೂಗುಹಾಕಿ, ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಬೆಳಕು ಬಟ್ಟೆಯನ್ನು ಹಾಯ್ದು ಬರುವಾಗ ನೇಯ್ಗೆ ಎಲ್ಲಿ ಸಡಿಲವಾಗಿದೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಆರಿಸಿದ ಜೋಡಿಯನ್ನು ಬೇರೆಯಾಗಿ ಅರ್ಧ ಗಜ ನೇಯಿಸಿ, ಅದರ ಮೇಲೆ 25 ಸೆಂಟಿಮೀಟರ್ ಚೌಕವನ್ನು ದಾರದಿಂದ ಗುರುತಿಸಿ, ಒಗೆದು ಒಣಗಿಸಿ ಮತ್ತೆ ಅಳೆಯಿರಿ. ಉದ್ದದ ಕಡೆ 24 ಸೆಂಟಿಮೀಟರಿಗೆ ಇಳಿದಿದ್ದರೆ ಕುಗ್ಗುವಿಕೆ ಶೇಕಡಾ 4. ಅಂದರೆ ಒಗೆದ ಮೇಲೆ 84 ಅಂಗುಲ ಉಳಿಯಬೇಕಾದ ಪರದೆಗೆ, ಮಡಿಕೆ ಹೊಲಿಗೆಯನ್ನು ಬಿಟ್ಟು, 87.5 ಅಂಗುಲ ಬಟ್ಟೆ ಬೇಕು. ಒದ್ದೆಯಾದ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ಎಂದೂ ಪರೀಕ್ಷಿಸಿ. ಪಶ್ಚಿಮದ ಕಿಟಕಿಯಾದರೆ ತುಂಡಿನ ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಕೆಲವು ವಾರ ಬಿಸಿಲಿಗಿಟ್ಟು ಎರಡೂ ಭಾಗಗಳನ್ನು ಹೋಲಿಸುವುದು ಅಗತ್ಯ.

ಒಪ್ಪಿಗೆಯಾದ ಮಾದರಿಯನ್ನು ಮೂರು ತುಂಡು ಮಾಡಿ ನೇಕಾರರಿಗೆ, ಮನೆಯವರಿಗೆ ಒಂದೊಂದನ್ನು ಕೊಟ್ಟು, ಒಂದನ್ನು ನೀವು ಇಟ್ಟುಕೊಳ್ಳಿ. ಪ್ರತಿಯೊಂದಕ್ಕೂ ನೂಲಿನ ಕೌಂಟು (ನೂಲು ಎಷ್ಟು ಸಣ್ಣ ಎಂಬುದರ ಅಳತೆ), ಅಂಗುಲಕ್ಕೆಷ್ಟು ಹಾಸಿನ ಎಳೆ, ಎಷ್ಟು ಹೊಕ್ಕು, ಯಾವ ಬಣ್ಣ ಎಂದು ಬರೆದ ಚೀಟಿ ಹೊಲಿದಿರಲಿ. ಎರಡು ಸಲ ಬಣ್ಣ ಹಾಕಿದ ನೂಲು ತದ್ರೂಪವಾಗಿ ಹೊಂದುವುದು ಕಷ್ಟ. ಆದ್ದರಿಂದ ಇಡೀ ಮನೆಗೆ ಬೇಕಾದ ನೂಲಿಗೆ ಒಂದೇ ಸಲ ಬಣ್ಣ ಹಾಕಿಸಿ, ಮುಂದಿನ ದುರಸ್ತಿಗೆಂದು ಒಂದೆರಡು ಲಡಿ (ನೂಲಿನ ಸುರುಳಿ) ಹೆಚ್ಚಾಗಿಯೇ ತೆಗೆದಿರಿಸಿ.