ಜೂಮ್ ಲೆನ್ಸ್ ಕೊಳ್ಳಲು ಹೋಗುವಾಗ ಟಾರ್ಚ್ ಜೊತೆಗಿರಲಿ

ಸಿರಾ ಬಳಿಯ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಹುಣಸೆಮರಗಳ ಮೇಲೆ ಗೂಡು ಕಟ್ಟುವ ಕಾಲಕ್ಕೆ ನಾನು ಪ್ರತಿವರ್ಷ ಹೋಗುತ್ತೇನೆ. ಪ್ರತಿವರ್ಷವೂ ಯಾರಾದರೊಬ್ಬ ಹುಡುಗ ಹೊಸ ಜೂಮ್ ಲೆನ್ಸ್ ಹಿಡಿದು ಮರದ ಬುಡದಲ್ಲಿ ನಿಂತಿರುತ್ತಾನೆ. ತೆಗೆದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ, 'ಸಾರ್, ನನ್ನ ಕೈನೇ ಸರಿಯಿಲ್ಲ ಅನ್ಸುತ್ತೆ, ಒಂದೂ ಶಾರ್ಪ್ ಬರ್ತಿಲ್ಲ' ಅನ್ನುತ್ತಾನೆ. ಲೆನ್ಸ್ ಈಸಿಕೊಂಡು ನೋಡಿದರೆ ಕೈಯದೇನೂ ತಪ್ಪಿಲ್ಲ. ಎಷ್ಟು ದೂರದ್ದನ್ನು ಹತ್ತಿರ ತರುತ್ತದೆಂದು ಹೇಳುವ 300 ಎಂಬ ಅಂಕಿ ನೋಡಿ ದುಡ್ಡು ಕೊಟ್ಟಿದ್ದಾನೆ, ಅದರ ಪಕ್ಕದಲ್ಲಿ ಇರಬೇಕಾಗಿದ್ದ ಎರಡು ಅಕ್ಷರ ನೋಡಿಲ್ಲ. ಆ ಹುಡುಗರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ, ನಿಮ್ಮ ಕ್ಯಾಮೆರಾ ಬಾಡಿಯ ಪೂರ್ತಿ ಹೆಸರನ್ನು ಬರೆದಿಟ್ಟುಕೊಳ್ಳಿ. 'ನಮ್ಮದು ನಿಕಾನ್' ಅಂದರೆ ಸಾಲದು. ನಿಕಾನ್ ಡಿ3000 ಮತ್ತು ಡಿ5000 ಸಾಲಿನ ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ, ಮೋಟಾರ್ ಲೆನ್ಸಿನೊಳಗೇ ಇರಬೇಕು. ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ 70-300 ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಹಕ್ಕಿ ಹಾರಿಹೋಗುವವರೆಗೆ ಕೈಯಲ್ಲೇ ಫೋಕಸ್ ತಿರುಗಿಸುತ್ತಿರಬೇಕು. ಇದರ ಉಲ್ಟಾ ತೊಂದರೆಯೂ ಇದೆ. ಹೊಸ ಎಎಫ್-ಪಿ ಲೆನ್ಸ್ ಡಿ3100, ಡಿ3200, ಡಿ5100 ಬಾಡಿಗಳ ಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ಫೋಕಸ್ ಆಗುವುದಿಲ್ಲ. ರಿಂಗ್ ತಿರುಗಿಸಿದರೂ ಆಗುವುದಿಲ್ಲ. ಕ್ಯಾನನ್‌ನಲ್ಲಿ ಡಿಎಸ್‌ಎಲ್‌ಆರ್‌ಗೆಂದು (ಒಳಗೆ ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾ) ಮಾಡಿದ ಇಎಫ್-ಎಸ್ ಲೆನ್ಸನ್ನು ಅಡಾಪ್ಟರ್ ಹಾಕಿ ಕನ್ನಡಿಯಿಲ್ಲದ ಹೊಸ ಆರ್ ಸಾಲಿನ ಬಾಡಿಗೆ ಬಳಸಬಹುದು. ಆ ಹೊಸ ಬಾಡಿಗಳ ಆರ್‌ಎಫ್ ಲೆನ್ಸ್ ಮಾತ್ರ ಹಳೆಯ ಡಿಎಸ್‌ಎಲ್‌ಆರ್‌ಗೆ ಯಾವ ರೀತಿಯಲ್ಲೂ ಬರುವುದಿಲ್ಲ.

ಎಷ್ಟು ದೂರದವರೆಗೆ ಎಳೆಯಬೇಕು ಎಂಬುದು ಎರಡನೆಯದು. ಇದರ ಬಗ್ಗೆ ಜನ ತಲೆಕೆಡಿಸಿಕೊಳ್ಳುವಷ್ಟು ಅಗತ್ಯವಿಲ್ಲ. 250 ಮಿಲಿಮೀಟರಿಗೂ 300ಕ್ಕೂ ಇರುವ ವ್ಯತ್ಯಾಸ 1.2 ಪಟ್ಟು, ಅಷ್ಟೇ. 60 ಅಡಿ ದೂರದ ಹಕ್ಕಿಯ ಕಡೆಗೆ 10 ಅಡಿ ನಡೆದರೆ ಅದು ತುಂಬಿಹೋಗುತ್ತದೆ. ಕಗ್ಗಲಡುವಿನಲ್ಲಿ ಮರಗಳು ಊರೊಳಗೇ ಇರುವುದರಿಂದ 250 ಧಾರಾಳ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳು ಬಯಲ ಆಚೆ ತುದಿಯಲ್ಲಿ ನಿಂತಿರುತ್ತವೆ. ಅಲ್ಲಿ 300 ಹಾಕಿದರೂ ಅವು ಚಿಕ್ಕವೇ. ಹುಲ್ಲುಗಾವಲು ಸೇರಿಸಿಕೊಂಡು ತೆಗೆಯಿರಿ, ಚಿತ್ರ ಇನ್ನೂ ಚೆನ್ನಾಗಿ ಬರುತ್ತದೆ. ಬಿಸಿಲು ಏರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಎಷ್ಟು ದುಬಾರಿ ಲೆನ್ಸಾದರೂ ಜಿಂಕೆಯ ಕಾಲು ನೀರಿನೊಳಗೆ ಇದ್ದಂತೆ ಅಲ್ಲಾಡುತ್ತದೆ. ಬೆಳಿಗ್ಗೆ ಬೇಗ ಹೋಗುವುದೊಂದೇ ದಾರಿ.

18ರಿಂದ 300ರವರೆಗೆ ಎಲ್ಲವನ್ನೂ ಒಂದರಲ್ಲೇ ಕೊಡುವ ಲೆನ್ಸ್ ಬೇಡ. ಪ್ರವಾಸಕ್ಕೆ ಒಂದೇ ಲೆನ್ಸ್ ಸಾಕೆನ್ನುವವರ ವಾದ ನನಗೆ ಗೊತ್ತು. ಆದರೂ ಅದೇ ದುಡ್ಡಿಗೆ ನಿಮ್ಮ ಹತ್ತಿರ ಇರುವ 18-55ರ ಜೊತೆ ಒಂದು 55-250 ಇಟ್ಟುಕೊಂಡರೆ ದೂರದ ಚಿತ್ರ ಹೆಚ್ಚು ಚೊಕ್ಕಟವಾಗಿ ಬರುತ್ತದೆ. ಕ್ಯಾನನ್‌ನ 55-250 ಎಸ್‌ಟಿಎಂ ತೂಗುವುದು 375 ಗ್ರಾಂ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಚೀಲ ಹೊತ್ತು ಹತ್ತಿದವರಿಗೆ ಈ ಅಂಕಿಯ ಬೆಲೆ ಗೊತ್ತು.

ಮೂರನೆಯದು ಆ ಎರಡು ಅಕ್ಷರ. ಕೈ ಅಲುಗಾಟವನ್ನು ಲೆನ್ಸಿನೊಳಗಿನ ಒಂದು ಗಾಜು ಎದುರು ದಿಕ್ಕಿಗೆ ಸರಿದು ಸರಿದೂಗಿಸುತ್ತದೆ. ಈ ವ್ಯವಸ್ಥೆಗೆ ಕ್ಯಾನನ್ ಐಎಸ್ ಅನ್ನುತ್ತದೆ, ನಿಕಾನ್ ವಿಆರ್, ಸೋನಿ ಓಎಸ್‌ಎಸ್, ಟ್ಯಾಮ್ರಾನ್ ವಿಸಿ, ಸಿಗ್ಮಾ ಓಎಸ್. ಇದಿಲ್ಲದಿದ್ದರೆ 250ರಲ್ಲಿ ಕೈಯಲ್ಲಿ ಹಿಡಿದು ತೆಗೆಯಲು ಸುಮಾರು 1/400 ಸೆಕೆಂಡಿನ ಶಟರ್ ವೇಗ (ಬೆಳಕು ಒಳಬರಲು ಶಟರ್ ತೆರೆದಿರುವ ಸಮಯ) ಬೇಕು. ಸಂಜೆಯ ತೇರಿನ ಹೊತ್ತಿಗೆ, ದೇವಸ್ಥಾನದ ಪ್ರಾಕಾರದ ನೆರಳಿಗೆ ಅಷ್ಟು ಬೆಳಕು ಎಲ್ಲಿಂದ ತರುವುದು? ಕ್ಯಾನನ್ 75-300 ಮೂರನೇ ಆವೃತ್ತಿಯಲ್ಲಿ ಐಎಸ್ ಇಲ್ಲ. ನಿಕಾನ್ ಎಎಫ್-ಪಿ 70-300 ಡಿಎಕ್ಸ್‌ನಲ್ಲಿ ವಿಆರ್ ಇರುವುದೊಂದು, ಇಲ್ಲದ್ದೊಂದು ಇದೆ. ಎರಡೂ ನೋಡಲು ಅವಳಿಗಳಂತಿವೆ, ಎರಡರ ಮೈಮೇಲೂ ಸ್ವಿಚ್ ಇಲ್ಲ. ಹೆಸರಿನಲ್ಲಿ ವಿಆರ್ ಇದೆಯೇ ಎಂದು ಅಕ್ಷರ ಅಕ್ಷರ ಓದಿಯೇ ಕೊಳ್ಳಬೇಕು. ಸೋನಿ ಎ6000 ಇದ್ದವರು ಇನ್ನೂ ಹುಷಾರಾಗಿರಬೇಕು. ಬಾಡಿಯೊಳಗೂ ಈ ವ್ಯವಸ್ಥೆ ಇಲ್ಲ, ಟ್ಯಾಮ್ರಾನ್‌ನ ಸೋನಿ 70-300ರಲ್ಲೂ ಇಲ್ಲ. ಓಡುವ ಜಿಂಕೆಯನ್ನೋ ತಲೆಯಾಡಿಸುವ ಎತ್ತನ್ನೋ ಈ ವ್ಯವಸ್ಥೆ ನಿಲ್ಲಿಸುವುದಿಲ್ಲ, ಅದಕ್ಕೆ ಶಟರ್ ವೇಗವೇ ಬೇಕು.

ಆನ್‌ಲೈನಿನಲ್ಲಿ 420-800 ಎಂದು ಬರೆದ ಉದ್ದನೆಯ ಕೊಳವೆಯೊಂದು ತೀರಾ ಕಡಿಮೆ ಬೆಲೆಗೆ ಕಾಣಿಸುತ್ತದೆ. ಅದರಲ್ಲಿ ಆಟೋಫೋಕಸ್ ಇಲ್ಲ, ತುದಿಗೆ ಹೋದಾಗ ಬೆಳಕಿನ ಕಿಂಡಿ ಎಫ್ 16ರಷ್ಟು ಕಿರಿದಾಗಿ ಕತ್ತಲೆ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ '2 ಎಕ್ಸ್' ಗಾಜೂ ಅಷ್ಟೇ. ಎರಡಕ್ಕೂ ಒಂದು ರೂಪಾಯಿ ಹಾಕಬೇಡಿ.

ಇನ್ನು ನಾಲ್ಕನೆಯದು, ಎಲ್ಲರೂ ಎಡವುವ ಜಾಗ. ಕಡಿಮೆ ಬಜೆಟ್ ಅಂದರೆ ಬಹುಪಾಲು ಸೆಕೆಂಡ್ ಹ್ಯಾಂಡ್. ಕೇಳುವ ಬೆಲೆ ಹೊಸದರ ಮುಕ್ಕಾಲು ಭಾಗ ದಾಟಿದರೆ ಹೊಸದನ್ನೇ ಕೊಳ್ಳಿ. ಇಲ್ಲವಾದರೆ ಮಾರುವವರನ್ನು ಬೆಳಕಿರುವ ಹೊತ್ತಿಗೆ ಬಯಲಿಗೆ ಕರೆಯಿರಿ. ತುಮಕೂರಿನಲ್ಲಿ ನಾನು ಅಮಾನಿಕೆರೆಯ ಏರಿಗೆ ಬರಹೇಳುತ್ತೇನೆ. ನಿಮ್ಮದೇ ಬಾಡಿ, ಚಾರ್ಜ್ ಆದ ಬ್ಯಾಟರಿ, ಖಾಲಿ ಕಾರ್ಡ್, ಟಾರ್ಚ್ ಜೊತೆಗಿರಲಿ. ಮೊಬೈಲಿನ ಟಾರ್ಚ್ ಆದೀತು. ಬೆಂಗಳೂರಿನ ಅಂಗಡಿಯೊಂದರಲ್ಲಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಿ ನಾನು ತಂದ ಲೆನ್ಸೊಂದರಲ್ಲಿ ಮನೆಗೆ ಬಂದ ಮೇಲೆ ಫಂಗಸ್ ಕಂಡಿತು. ವಾಪಸ್ ತೆಗೆದುಕೊಳ್ಳಲಿಲ್ಲ. ಬಿಚ್ಚಿ ತೊಳೆಸಿದ ಮೇಲೂ ಗಾಜಿನ ಲೇಪನದ ಮೇಲೆ ಅದರ ಕಲೆ ಉಳಿದುಕೊಂಡಿದೆ.

ಮೊದಲು ಮೈ ನೋಡಿ. ಮುಂದಿನ ಫಿಲ್ಟರ್ ರಿಂಗ್ ತಗ್ಗಾಗಿದ್ದರೆ ಲೆನ್ಸ್ ಬಿದ್ದಿದೆ. ಹಿಂಬದಿಯ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಜೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಒಳಗೆ ಮರಳು ಸೇರಿದೆ.

ಆಮೇಲೆ ಎರಡೂ ಮುಚ್ಚಳ ತೆಗೆದು ಹಿಂಬದಿಯಿಂದ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂಬದಿಯಿಂದ ನೋಡಿ. ನೆರಳಿಗೆ ಹೋಗಿ ನೋಡಿದರೆ ಸ್ಪಷ್ಟ. ನಿಕಾನ್‌ನ, ಹೆಸರಿನಲ್ಲಿ ಜಿ ಇರುವ ಲೆನ್ಸ್‌ಗಳಲ್ಲಿ ಒಳಗಿನ ಅಪರ್ಚರ್ (ಬೆಳಕಿನ ಕಿಂಡಿ) ಎಲೆಗಳು ಮುಚ್ಚಿಕೊಂಡಿರುತ್ತವೆ. ಹಿಂದಿರುವ ಸಣ್ಣ ಲಿವರನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ಹಿಡಿದರೆ ತೆರೆಯುತ್ತವೆ. ಇದು ಗೊತ್ತಿಲ್ಲದೆ ಅರ್ಧ ಲೆನ್ಸ್ ಮಾತ್ರ ನೋಡಿ ಬಂದವರು ಬಹಳ ಜನ. ಚುಕ್ಕಿಚುಕ್ಕಿಯಾಗಿ ಕಾಣುವುದು ಧೂಳು, ನಾಲ್ಕೈದು ಇದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಬೇರಿನಂತೆ ಕವಲೊಡೆದು ಹರಡಿದ ಬಿಳಿ ಎಳೆಗಳು ಕಂಡರೆ ಅದು ಫಂಗಸ್, ಉಪ್ಪಿನಕಾಯಿ ಜಾಡಿಗೆ ಹಿಡಿಯುವ ಬೂಷ್ಟಿನ ಜಾತಿ. ಎಷ್ಟೇ ಇಳಿಸಿ ಕೊಟ್ಟರೂ ವಾಪಸ್ ಕೊಟ್ಟುಬಿಡಿ. ಮುಂದಿನ ಗಾಜಿನ ಮೇಲಿನ ಒಂದು ಸಣ್ಣ ಗೀರಿಗೆ ಹೆದರಬೇಡಿ. ಹಿಂದಿನ ಗಾಜಿನ ಮೇಲಿನ ಗೀರಿಗೆ ಹೆದರಿ, ಚಿತ್ರದಲ್ಲಿ ಕಾಣುವುದು ಅದೇ.

ಈಗ ಲೆನ್ಸನ್ನು ನಿಮ್ಮ ಬಾಡಿಗೆ ಹಾಕಿ. ಕಾಲ ಬಳಿಯ ಕಲ್ಲಿಗೊಮ್ಮೆ, ಕೆರೆಯಾಚೆಯ ಮರಕ್ಕೊಮ್ಮೆ ಹತ್ತು ಸಲ ಫೋಕಸ್ ಮಾಡಿ. ತಡವರಿಸದೆ ಸಿಗಬೇಕು. ನಂತರ ಜೂಮನ್ನು ಪೂರ್ತಿ ಎಳೆದು, ಶಟರ್ ವೇಗವನ್ನು 1/50ಕ್ಕೆ ಇಟ್ಟು, ಅಲುಗದ ಒಂದು ಬೋರ್ಡಿನ ಅಕ್ಷರಗಳನ್ನು ಹತ್ತು ಸಲ ತೆಗೆಯಿರಿ. ಐಎಸ್ ಆಫ್ ಮಾಡಿ ಮತ್ತೆ ಹತ್ತು. ಆನ್ ಇದ್ದಾಗ ಹತ್ತರಲ್ಲಿ ಏಳಾದರೂ ಓದುವಂತಿರಬೇಕು, ಆಫ್ ಇದ್ದಾಗ ಬಹುಪಾಲು ಕೆಡಬೇಕು. ಎರಡೂ ಒಂದೇ ಥರ ಕೆಟ್ಟಿದ್ದರೆ ಐಎಸ್ ಸತ್ತಿದೆ. ಸ್ವಿಚ್ ಇದೆಯೆಂದು ಮಾರುವವರು ತೋರಿಸಿದರೆ ನಂಬಬೇಡಿ, ಚಿತ್ರ ನೋಡಿ ನಂಬಿ.

ಕೊನೆಯ ಪರೀಕ್ಷೆ ಇಟ್ಟಿಗೆ ಗೋಡೆ. ಗೋಡೆಗೆ ನೇರವಾಗಿ ನಿಂತು, ಜೂಮ್ ತುದಿಯಲ್ಲಿ, ಅಪರ್ಚರ್ ಪೂರ್ತಿ ತೆರೆದು ಒಂದು ಚಿತ್ರ ತೆಗೆದು ನಾಲ್ಕೂ ಮೂಲೆಗಳನ್ನು ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಸಮ ಕೊಂಚ ಮೆತ್ತಗಿದ್ದರೆ ಅದು ಈ ಬೆಲೆಯ ಲೆನ್ಸುಗಳ ಸ್ವಭಾವ, ಅಪರ್ಚರನ್ನು ಎಫ್ 8ಕ್ಕೆ ಕಿರಿದು ಮಾಡಿದರೆ ಸರಿಹೋಗುತ್ತದೆ. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗೆ ಹಿಡಿದು ಇನ್ನೊಂದು ತೆಗೆಯಿರಿ. ಗೋಡೆಯ ಅದೇ ಮೂಲೆ ಮತ್ತೆ ಮಸುಕಾದರೆ ನೀವು ಓರೆಯಾಗಿ ನಿಂತಿದ್ದೀರಿ. ಮಸುಕು ಗೋಡೆಯ ಎದುರು ಮೂಲೆಗೆ ಹೋದರೆ ಒಳಗಿನ ಗಾಜು ಜಾಗ ತಪ್ಪಿದೆ. ಬಿದ್ದ ಲೆನ್ಸುಗಳಲ್ಲಿ ಇದು ಹೆಚ್ಚು. ಇಷ್ಟಕ್ಕೂ ಅರ್ಧ ಗಂಟೆ ಸಾಕು. ಅರ್ಧ ಗಂಟೆ ಕೊಡಲು ಒಪ್ಪದವರ ಹತ್ತಿರ ಕೊಳ್ಳಲೇಬೇಡಿ.

ಹೊಸದಾದರೆ ಬಿಲ್ ಮತ್ತು ಕಂಪನಿಯ ವಾರಂಟಿ ಕಾರ್ಡಿನ ಮೇಲಿನ ಸೀರಿಯಲ್ ನಂಬರನ್ನು ಲೆನ್ಸಿನ ಮೇಲಿನದಕ್ಕೆ ತಾಳೆ ನೋಡಿ, ಅಷ್ಟು ಸಾಕು.

ಮಿಕ್ಕ ದುಡ್ಡಿನಲ್ಲಿ ಲೆನ್ಸಿನ ಮುಂದೆ ಹಾಕಿ ಓರೆ ಬಿಸಿಲು ತಡೆಯುವ ಹುಡ್ ಕೊಳ್ಳಿ. ಬಿಟ್ಟಿ ಕೊಡುವ ಯುವಿ ಫಿಲ್ಟರ್ ಹಾಕಬೇಡಿ, ಬಿಸಿಲಿನ ಎದುರು ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಆಗುತ್ತದೆ. ಮನೆಯಲ್ಲಿ ಬೀರುವಿನ ಬಟ್ಟೆಗಳ ನಡುವೆ ಇಡುವುದೂ ಬೇಡ, ಫಂಗಸ್ ಹುಟ್ಟುವುದು ಅಲ್ಲೇ. ಗಾಳಿಯಾಡದಂತೆ ಮುಚ್ಚುವ ಅಕ್ಕಿಡಬ್ಬಿಯಂಥ ಪ್ಲಾಸ್ಟಿಕ್ ಡಬ್ಬಿಗೆ ನೀಲಿ ಸಿಲಿಕಾ ಜೆಲ್ ಹಾಕಿ ಇಡಿ. ಮಳೆಗಾಲದಲ್ಲಿ ಅದು ಗುಲಾಬಿಗೆ ತಿರುಗಿದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ವಾಪಸ್ ಹಾಕಿ.